ಎರಡು ತೊರ್ತಿಯಾ, ಎರಡು ಬಾಣಲೆ: ಸ್ಪೇನ್, ಮೆಕ್ಸಿಕೋ ಅಡುಗೆಗೆ ವಿದ್ಯಾರ್ಥಿಗಳ ಸಮಗ್ರ ಮಾರ್ಗದರ್ಶಿ

ಓದಲು ಹೊರದೇಶಕ್ಕೆ ಹೋಗಿ ಮೊದಲ ಬಾರಿ ಒಲೆ ಮುಂದೆ ನಿಂತ ಹುಡುಗ ಹುಡುಗಿಯರು ನನಗೆ ಕಳಿಸುವ ಫೋಟೋಗಳು ಸಾಮಾನ್ಯವಾಗಿ ಮೂರೇ ಬಗೆಯವು. ಒಂದರಲ್ಲಿ, ತಟ್ಟೆಗೆ ಮಗುಚಿದಾಗ ಅರ್ಧ ಬಾಣಲೆಗೇ ಅಂಟಿ ಉಳಿದ ಆಲೂಗಡ್ಡೆ ಮತ್ತು ಮೊಟ್ಟೆ. ಇನ್ನೊಂದರಲ್ಲಿ, ಮಡಚಿದ ಕೂಡಲೇ ಎರಡು ತುಂಡಾದ ಮೆಕ್ಕೆಜೋಳದ ರೊಟ್ಟಿ. ಮೂರನೆಯದರಲ್ಲಿ, ಟೊಮೆಟೊ ನೀರಿನಲ್ಲಿ ನೆನೆದು ಗಂಜಿಯಂತಾದ ಚಿಲಾಕಿಲೆಸ್, ಅಂದರೆ ಅದೇ ರೊಟ್ಟಿಯ ಗರಿ ತುಂಡುಗಳಿಂದ ಮಾಡುವ ಮೆಕ್ಸಿಕೋದ ತಿಂಡಿ. ಸಾಮಾನು ಸರಿಯಾಗಿಯೇ ತಂದಿರುತ್ತಾರೆ, ಅಳತೆಯೂ ತಪ್ಪಿರುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಉರಿ ಎಷ್ಟು, ನೀರು ಎಲ್ಲಿ ಉಳಿದುಬಿಟ್ಟಿತು ಎಂಬುದರಲ್ಲಿ ಕೆಟ್ಟಿರುತ್ತದೆ. ಹಾಗಾಗಿ ಇಲ್ಲಿ ನಾನು ಹೇಳುವುದೆಲ್ಲ ಉರಿ, ನೀರು ಮತ್ತು ಕ್ರಮದ ವಿಷಯ.

ಒಂದು ಗೊಂದಲ ಮೊದಲೇ ತೀರಲಿ. ಸ್ಪೇನಿನಲ್ಲಿ ತೊರ್ತಿಯಾ ಅಂದರೆ ಆಲೂಗಡ್ಡೆ ಸೇರಿಸಿ ಬೇಯಿಸಿದ ದಪ್ಪ ಮೊಟ್ಟೆ ಬಿಲ್ಲೆ. ಮೆಕ್ಸಿಕೋದಲ್ಲಿ ತೊರ್ತಿಯಾ ಅಂದರೆ ಮೆಕ್ಕೆಜೋಳದ ತೆಳು ರೊಟ್ಟಿ. ಉತ್ತರದ ಸೊನೋರಾ, ಚಿವಾವಾ ಕಡೆ ಗೋಧಿ ರೊಟ್ಟಿ. ಹೆಸರು ಒಂದೇ, ಪದಾರ್ಥಗಳಿಗೆ ಸಂಬಂಧವೇ ಇಲ್ಲ. ಒಂದರ ವಿಧಾನ ಓದಿಕೊಂಡು ಇನ್ನೊಂದಕ್ಕೆ ಸಾಮಾನು ತಂದವರನ್ನು ನಾನು ಕಂಡಿದ್ದೇನೆ.

ಕೆಳಗಿನ ಅಳತೆಗಳೆಲ್ಲ ಇಬ್ಬರಿಗೆ. ನಾನು ಕಲಿತದ್ದು ಸ್ಪೇನಿನ ವಲೆನ್ಸಿಯಾದ ಒಂದು ಬಾಡಿಗೆ ಮನೆಯಲ್ಲಿ. ಮೊಟ್ಟೆ ತೊರ್ತಿಯಾ ಕಲಿಸಿದ್ದು ಮನೆಯೊಡತಿ, ಮೆಕ್ಕೆಜೋಳದ್ದನ್ನು ಕಲಿಸಿದ್ದು ಜೊತೆಗಿದ್ದ, ಮೆಕ್ಸಿಕೋದ ಪುಯೆಬ್ಲಾದ ಗೆಳತಿ.

ಹಂತ 1: ಪಾತ್ರೆ ಮತ್ತು ಒಲೆ

ಬೇಕಾದದ್ದು ಇಷ್ಟೇ: 20 ಸೆಂ.ಮೀ. ಅಗಲದ, ಗೀರು ಬೀಳದ ನಾನ್‌ಸ್ಟಿಕ್ ಬಾಣಲೆ ಒಂದು, ಕಬ್ಬಿಣದ ಕಾವಲಿ ಅಥವಾ ದಪ್ಪ ತಳದ ಸ್ಟೀಲ್ ಬಾಣಲೆ ಒಂದು, ಬಾಣಲೆಗಿಂತ ಎರಡು ಬೆರಳು ಅಗಲವಾದ ಚಪ್ಪಟೆ ತಟ್ಟೆ, ಲೋಹದ ಜಾಲರಿ, ಮರದ ಅಥವಾ ಸಿಲಿಕೋನ್ ಮಗುಚುವ ಕೈ, ಮಿಕ್ಸಿ, ಶುಭ್ರವಾದ ಎರಡು ಹತ್ತಿಬಟ್ಟೆ.

ಎರಡು ಬಾಣಲೆ ಯಾಕೆ ಎಂದು ಕೇಳುತ್ತಾರೆ. ಮೆಕ್ಸಿಕೋದ ಸಾಲ್ಸಾಗೆ (ಟೊಮೆಟೊ, ಮೆಣಸಿನಕಾಯಿಯ ಚಟ್ನಿಯಂಥದ್ದು) ಟೊಮೆಟೊವನ್ನು ಎಣ್ಣೆ ಇಲ್ಲದೆ, ಜೋರು ಉರಿಯಲ್ಲಿ, ಕಪ್ಪು ಚುಕ್ಕೆ ಬರುವಷ್ಟು ಸುಡಬೇಕು. ಖಾಲಿ ನಾನ್‌ಸ್ಟಿಕ್ ಬಾಣಲೆಯನ್ನು ಅಷ್ಟು ಕಾಯಿಸಿದರೆ ಅದರ ಲೇಪ ಹಾಳಾಗುತ್ತದೆ, ಬರುವ ಹೊಗೆಯೂ ಒಳ್ಳೆಯದಲ್ಲ. ಲೇಪ ಹೋದ ಬಾಣಲೆಯಲ್ಲಿ ಮರುದಿನ ಮೊಟ್ಟೆ ಮಗುಚಲು ಹೊರಟರೆ ಅಂಟದೆ ಇರುತ್ತದೆಯೇ? ಮೊಟ್ಟೆಯ ಬಾಣಲೆಯನ್ನು ಮೊಟ್ಟೆಗೇ ಮೀಸಲಿಡಿ.

ಸ್ಪೇನಿನ ಬಾಡಿಗೆ ಮನೆಗಳಲ್ಲಿ ಗ್ಯಾಸ್‌ಗಿಂತ ಹೆಚ್ಚಾಗಿ ಸಿಗುವುದು ಗಾಜಿನ ಮೇಲ್ಮೈಯ ವಿದ್ಯುತ್ ಒಲೆ. ಅಲ್ಲಿ ಅದನ್ನು ವಿತ್ರೊ ಅನ್ನುತ್ತಾರೆ. ಆಫ್ ಮಾಡಿದ ಮೇಲೂ ಅದು ಹಲವು ನಿಮಿಷ ಕಾದೇ ಇರುತ್ತದೆ. ಗ್ಯಾಸ್ ಒಲೆಯ ಅಭ್ಯಾಸದಲ್ಲಿ ಉರಿ ಸಣ್ಣ ಮಾಡಿ ಸುಮ್ಮನಿದ್ದರೆ ತಳ ಹತ್ತುತ್ತದೆ. ಉರಿ ಇಳಿಸಬೇಕು ಅನ್ನಿಸಿದಾಗ ಬಾಣಲೆಯನ್ನೇ ಎತ್ತಿ ಪಕ್ಕಕ್ಕಿಡಿ. ಒಲೆ ಇಂಡಕ್ಷನ್ ಆಗಿದ್ದರೆ ಬಾಣಲೆ ಕೊಳ್ಳುವ ಮೊದಲು ತಳಕ್ಕೆ ಅಯಸ್ಕಾಂತ ಅಂಟುತ್ತದೆಯೇ ನೋಡಿ. ಊರಿಂದ ಹೊತ್ತು ತಂದ ಬರೀ ಅಲ್ಯೂಮಿನಿಯಂ ಪಾತ್ರೆ ಅದರ ಮೇಲೆ ಕಾಯುವುದೇ ಇಲ್ಲ.

ಹಂತ 2: ಅಂಗಡಿಯಲ್ಲಿ ಎಡವುವ ಜಾಗಗಳು

ಮೆಕ್ಕೆಜೋಳದ ರೊಟ್ಟಿಗೆ ಬೇಕಾದ ಹಿಟ್ಟಿನ ಹೆಸರು ಮಾಸಾ ಅರೀನಾ. ಮಾಸೇಕಾ ಬ್ರ್ಯಾಂಡಿನದು ಹಲವು ದೇಶಗಳಲ್ಲಿ ಸಿಗುತ್ತದೆ. ಇದರ ಬದಲು ಕಾರ್ನ್ ಫ್ಲೋರ್ ತಂದರೆ ಕೆಲಸ ಅಲ್ಲಿಗೇ ನಿಂತಿತು. ಅದು ಸಾರಿಗೆ ದಪ್ಪ ಕೊಡುವ ಪಿಷ್ಟ, ಅದರಲ್ಲಿ ರೊಟ್ಟಿ ಆಗದು. ನಮ್ಮಲ್ಲಿ ಗಿರಣಿಯಲ್ಲಿ ಬೀಸಿಸಿದ ಮೆಕ್ಕೆಜೋಳದ ಹಿಟ್ಟೂ ಆಗದು. ಮಾಸಾ ಹಿಟ್ಟಿಗೆ ಇಡೀ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ರುಬ್ಬಿರುತ್ತಾರೆ. ಆ ಸುಣ್ಣದ ಕೆಲಸದಿಂದಲೇ ಹಿಟ್ಟಿಗೆ ಅಂಟು ಬರುತ್ತದೆ. ಎಲೆ ಅಡಿಕೆಯ ಸುಣ್ಣವನ್ನು ಸಾದಾ ಹಿಟ್ಟಿಗೆ ಬೆರೆಸಿ ನೋಡಲು ದಯವಿಟ್ಟು ಹೋಗಬೇಡಿ; ಅದರಿಂದ ಅಂಟು ಬರುವುದಿಲ್ಲ, ಬಾಯಿ ಹೊಟ್ಟೆ ಸುಡುತ್ತದೆ.

ಸಸ್ಯಾಹಾರಿಗಳು ಚೀಟಿ ಓದಲೇಬೇಕು. ಡಬ್ಬಿಯ ಬೀನ್ಸ್ ಮತ್ತು ಕೆಲವು ಗೋಧಿ ತೊರ್ತಿಯಾಗಳಲ್ಲಿ ‘ಮಾಂತೇಕಾ ದೆ ಸೆರ್ದೊ’ ಎಂದಿದ್ದರೆ ಅದು ಹಂದಿಯ ಕೊಬ್ಬು. ಚೀಸ್ ಮೇಲೆ ‘ಕ್ವಾಹೊ’ ಎಂದಷ್ಟೇ ಇದ್ದರೆ ಹಾಲು ಒಡೆಯಲು ಬಳಸಿದ್ದು ಪ್ರಾಣಿಮೂಲದ್ದಾಗಿರಬಹುದು. ‘ವೆಹೆತಾಲ್’ ಎಂಬ ಪದ ಹುಡುಕಿ.

ಟೊಮೆಟೊ ಕೊಳ್ಳುವಾಗ ಇನ್ನೊಂದು. ಮೆಕ್ಸಿಕೋ ನಗರದ ಸುತ್ತಮುತ್ತ ಕೆಂಪು ಟೊಮೆಟೊಗೆ ಹಿತೊಮಾತೆ ಅನ್ನುತ್ತಾರೆ. ಬರೀ ತೊಮಾತೆ ಎಂದರೆ ಕಾಗದದಂಥ ಹೊದಿಕೆಯೊಳಗಿನ ಹುಳಿ ಹಸಿರು ಕಾಯಿ ಕೊಡುತ್ತಾರೆ. ಅಲ್ಲಿ ಓದುತ್ತಿರುವವರು ವಿಧಾನದಲ್ಲಿ ಯಾವ ಪದ ಇದೆ ಎಂದು ನೋಡಿಕೊಂಡೇ ಮಾರುಕಟ್ಟೆಗೆ ಹೋಗಿ.

ಹಂತ 3: ಮೊದಲ ದಿನಕ್ಕೆ ಪಾನ್ ಕೊನ್ ತೊಮಾತೆ

ಕೈ ಪಳಗಲು ಸ್ಪೇನಿನ ಈ ಟೊಮೆಟೊ ಬ್ರೆಡ್ಡಿನಿಂದ ಶುರು ಮಾಡಿ. ಗಟ್ಟಿ ಸಿಪ್ಪೆಯ ಬ್ರೆಡ್ಡನ್ನು ಬೆರಳು ದಪ್ಪಕ್ಕೆ ಕತ್ತರಿಸಿ, ಎಣ್ಣೆ ಹಾಕದೆ ಎರಡೂ ಕಡೆ ಕೆಂಪಗೆ ಸುಡಿ. ಬಿಸಿ ಇರುವಾಗಲೇ ಬೆಳ್ಳುಳ್ಳಿ ಎಸಳನ್ನು ಒಮ್ಮೆ ಮೇಲೆ ಉಜ್ಜಿ. ಚೆನ್ನಾಗಿ ಹಣ್ಣಾದ ಟೊಮೆಟೊವನ್ನು ಅಡ್ಡಕ್ಕೆ ಕತ್ತರಿಸಿ ಒಳಭಾಗವನ್ನು ತುರಿಯಿರಿ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ತುರಿಯನ್ನು ಬ್ರೆಡ್ಡಿಗೆ ಸವರಿ, ಉಪ್ಪು ಉದುರಿಸಿ, ಮೇಲೆ ಆಲಿವ್ ಎಣ್ಣೆ. ಸ್ಪೇನಿನ ಕತಲೋನಿಯಾದವರು ತುರಿಯದೆ ಅರ್ಧ ಟೊಮೆಟೊವನ್ನೇ ಬ್ರೆಡ್ಡಿನ ಮೇಲೆ ತಿಕ್ಕುತ್ತಾರೆ.

ತಪ್ಪು ಇಲ್ಲಿ ಒಂದೇ ಕಡೆ ಆಗುತ್ತದೆ: ಸುಡದ ಮೆತ್ತಗಿನ ಸ್ಯಾಂಡ್‌ವಿಚ್ ಬ್ರೆಡ್ ಬಳಸುವುದು. ಅದು ರಸವೆಲ್ಲ ಹೀರಿಕೊಂಡು ಮುದ್ದೆಯಾಗುತ್ತದೆ. ತುರಿದ ಟೊಮೆಟೊ ತೀರಾ ನೀರಾಗಿದ್ದರೆ ಜಾಲರಿಯಲ್ಲಿ 2 ನಿಮಿಷ ಸೋರಲು ಬಿಡಿ.

ಹಂತ 4: ತೊರ್ತಿಯಾ ದೆ ಪತಾತಾಸ್

ಹೆಚ್ಚಿನವರು ಸೋಲುವುದು ಸ್ಪೇನಿನ ಈ ಆಲೂಗಡ್ಡೆ ತೊರ್ತಿಯಾದಲ್ಲಿ. ಹಾಗಾಗಿ ಇದನ್ನು ಬಿಡಿಬಿಡಿಯಾಗಿ ಹೇಳುತ್ತೇನೆ.

ಸಾಮಾನು: ಆಲೂಗಡ್ಡೆ 500 ಗ್ರಾಂ, ಮೊಟ್ಟೆ 5, ದೊಡ್ಡ ಈರುಳ್ಳಿ 1, ಆಲಿವ್ ಎಣ್ಣೆ 250 ಮಿ.ಲೀ., ಉಪ್ಪು. ಆಲಿವ್ ಎಣ್ಣೆ ದುಬಾರಿ ಅನ್ನಿಸಿದರೆ ಅರ್ಧ ಸೂರ್ಯಕಾಂತಿ ಎಣ್ಣೆ ಬೆರೆಸಿ. ಅಷ್ಟು ಎಣ್ಣೆಯನ್ನು ನೋಡಿ ಗಾಬರಿಯಾಗಬೇಡಿ, ಬಹುಪಾಲು ಸೋಸಿದಾಗ ಹಿಂದಕ್ಕೆ ಬರುತ್ತದೆ. ಈರುಳ್ಳಿ ಬೇಕೋ ಬೇಡವೋ ಎಂಬುದು ಸ್ಪೇನಿನ ಮನೆಮನೆಯ ಜಗಳ. ಕಲಿಯುವವರಿಗೆ ನನ್ನ ಸಲಹೆ: ಹಾಕಿ. ಈರುಳ್ಳಿ ಬಿಡುವ ನೀರು ಆಲೂಗಡ್ಡೆಯನ್ನು ಕೆಂಪಾಗಲು ಬಿಡದೆ ಮೆತ್ತಗೆ ಬೇಯಿಸುತ್ತದೆ.

*ಹೆಚ್ಚುವುದು.* ಆಲೂಗಡ್ಡೆಯನ್ನು ಸಿಪ್ಪೆ ತೆಗೆದು, ತೊಳೆದು, ಬಟ್ಟೆಯಲ್ಲಿ ಒರೆಸಿ. ಒರೆಸಿದ ಮೇಲೆಯೇ ಹೆಚ್ಚಿ. ಹೆಚ್ಚಿದ್ದನ್ನು ನೀರಿನಲ್ಲಿ ಹಾಕಿಡುವ ನಮ್ಮ ಪಲ್ಯದ ಅಭ್ಯಾಸ ಇಲ್ಲಿ ಬೇಡ, ಎಣ್ಣೆ ಸಿಡಿಯುತ್ತದೆ. ಹೋಳು 3-4 ಮಿ.ಮೀ. ದಪ್ಪ ಇರಲಿ. ಆಕಾರ ಸೊಟ್ಟಪಟ್ಟ ಇದ್ದರೂ ಚಿಂತೆಯಿಲ್ಲ, ದಪ್ಪ ಮಾತ್ರ ಒಂದೇ ಸಮ ಇರಬೇಕು. ಹಸಿರು ತಿರುಗಿದ ಭಾಗ, ಮೊಳಕೆಯ ಕಣ್ಣು ಪೂರ್ತಿ ಕೆತ್ತಿ ತೆಗೆಯಿರಿ.

*ಎಣ್ಣೆಯಲ್ಲಿ ಬೇಯಿಸುವುದು.* ಬೇಯಿಸುವುದು ಎಂದೆ, ಕರಿಯುವುದು ಎನ್ನಲಿಲ್ಲ. ಎಣ್ಣೆ ಕಾದಿದೆಯೇ ಎಂದು ತಿಳಿಯಲು ಒಂದು ಹೋಳು ಹಾಕಿ ನೋಡಿ. ಸುತ್ತ ಸಣ್ಣ ಗುಳ್ಳೆ ಎದ್ದರೆ ಸಾಕು. ಆಲೂಗಡ್ಡೆ, ಈರುಳ್ಳಿ, ಉಪ್ಪು ಒಟ್ಟಿಗೆ ಹಾಕಿ ಉರಿ ಸಣ್ಣ ಮಾಡಿ. 20ರಿಂದ 25 ನಿಮಿಷ ಹಿಡಿಯುತ್ತದೆ. ಕಿವಿ ಕೊಡಿ: ಚಪಚಪ ಎಂದು ಮೆಲ್ಲಗೆ ಕುದಿಯುವ ಸದ್ದು ಬರಬೇಕು, ಬಜ್ಜಿ ಕರಿಯುವಾಗಿನ ಜೋರು ಸದ್ದು ಬಂದರೆ ಉರಿ ಹೆಚ್ಚಾಗಿದೆ. ಐದೈದು ನಿಮಿಷಕ್ಕೊಮ್ಮೆ ತಳದಿಂದ ಮೇಲಕ್ಕೆ ಮೆಲ್ಲಗೆ ತಿರುವಿ. ಮಗುಚುವ ಕೈಯ ಅಂಚಿನಿಂದ ಒತ್ತಿದರೆ ಹೋಳು ತಡೆಯಿಲ್ಲದೆ ಒಡೆಯಬೇಕು. ಅದೇ ಹದ.

ಅಂಚು ಕಂದಾಗಿ ಗರಿಯಾದರೆ ಆ ಹೋಳುಗಳು ಮೊಟ್ಟೆಯನ್ನು ಹೀರುವುದಿಲ್ಲ. ಆಗ ಬಿಲ್ಲೆ ಒಗ್ಗೂಡದೆ, ಕತ್ತರಿಸಿದಾಗ ಪದರ ಪದರವಾಗಿ ಉದುರುತ್ತದೆ. ಮಗುಚುವಾಗ ಮುರಿಯಿತು ಎಂದು ದೂರುವವರಲ್ಲಿ ಅರ್ಧ ಜನರ ತಪ್ಪು ಆಗಿರುವುದು ಈ ಹಂತದಲ್ಲೇ.

*ಸೋಸುವುದು.* ಕೆಳಗೆ ಸ್ಟೀಲ್ ಪಾತ್ರೆ ಇಟ್ಟು ಲೋಹದ ಜಾಲರಿಗೆ ಸುರಿಯಿರಿ. ಪ್ಲಾಸ್ಟಿಕ್ ಜಾಲರಿ ಯಾವ ಕಾರಣಕ್ಕೂ ಬೇಡ. ನಮ್ಮ ಮನೆಯಲ್ಲಿ ಒಮ್ಮೆ ಅಂಥದ್ದೊಂದು ಬಿಸಿ ಎಣ್ಣೆಗೆ ಬಾಗಿ, ಎಣ್ಣೆಯೆಲ್ಲ ಕಟ್ಟೆಯಿಂದ ನೆಲಕ್ಕೆ ಹರಿಯಿತು; ಪುಣ್ಯಕ್ಕೆ ಯಾರ ಕಾಲ ಮೇಲೂ ಬೀಳಲಿಲ್ಲ. 5 ನಿಮಿಷ ಸೋರಲಿ. ಎಣ್ಣೆ ಆರಿದ ಮೇಲೆ ಬಾಟಲಿಗೆ ತುಂಬಿಟ್ಟರೆ ಇನ್ನೂ ಎರಡು ಸಲ ಇದೇ ಅಡುಗೆಗೆ ಬರುತ್ತದೆ. ಕೊನೆಗೆ ಸಿಂಕಿಗೆ ಸುರಿಯಬೇಡಿ. ಸ್ಪೇನಿನ ಹಲವು ಊರುಗಳಲ್ಲಿ ಬಳಸಿದ ಎಣ್ಣೆಗೆಂದೇ ರಸ್ತೆಬದಿ ಕಿತ್ತಳೆ ಬಣ್ಣದ ಡಬ್ಬಗಳಿವೆ.

*ನೆನೆಸುವುದು.* ಮೊಟ್ಟೆಯನ್ನು ನೊರೆ ಬರುವಷ್ಟು ಕಡೆಯಬೇಡಿ, ಹಳದಿ ಬಿಳಿ ಬೆರೆತರೆ ಸಾಕು. ಬಿಸಿ ಕಡಿಮೆಯಾದ ಆಲೂಗಡ್ಡೆಯನ್ನು ಅದರೊಳಗೆ ಹಾಕಿ, ಸ್ವಲ್ಪ ಉಪ್ಪು ಸೇರಿಸಿ 10 ನಿಮಿಷ ಬಿಡಿ. ಎಲ್ಲರೂ ಹಾರಿಸುವ ಹೆಜ್ಜೆ ಇದು. ನೆನೆದಾಗ ಮಿಶ್ರಣ ಗಟ್ಟಿಯಾಗುತ್ತದೆ, ಸೌಟಿನಿಂದ ಎತ್ತಿದರೆ ಮೊಟ್ಟೆ ಬೇರೆ ಹೋಳು ಬೇರೆಯಾಗಿ ಬೀಳದೆ ಒಟ್ಟಿಗೆ ಜಾರುತ್ತದೆ.

*ಬಾಣಲೆಗೆ ಹಾಕುವುದು.* ಬಾಣಲೆಯ ತಳದಲ್ಲಿ ಅಂಟಿದ ಪಿಷ್ಟವನ್ನು ಪೂರ್ತಿ ಒರೆಸಿ. ಒಂದು ಚೂರು ಉಳಿದರೂ ಮೊಟ್ಟೆ ಅಲ್ಲೇ ಹಿಡಿದುಕೊಳ್ಳುತ್ತದೆ. ಒಂದು ದೊಡ್ಡ ಚಮಚ ಎಣ್ಣೆ ಹಾಕಿ, ಗೋಡೆಯವರೆಗೂ ಸವರಿ, ಜೋರಾಗಿ ಕಾಯಿಸಿ. ಮಿಶ್ರಣ ಬಿದ್ದ ಕೂಡಲೇ ಚುಂಯ್ ಎನ್ನಬೇಕು. ಸದ್ದಿಲ್ಲದೆ ಬಿದ್ದರೆ ಬಾಣಲೆ ಕಾದಿಲ್ಲ, ಅಂಟುವುದು ಖಂಡಿತ. ಮೊದಲ 30 ಸೆಕೆಂಡು ಅಂಚಿನಿಂದ ನಡುವಿಗೆ ಮೆಲ್ಲಗೆ ಎಳೆಯಿರಿ, ಆಮೇಲೆ ಉರಿ ಸಣ್ಣ ಮಾಡಿ 3 ನಿಮಿಷ ಮುಟ್ಟದೆ ಬಿಡಿ. ಬಾಣಲೆಯ ಹಿಡಿ ಹಿಡಿದು ಅಲುಗಿಸಿ: ಇಡೀ ಬಿಲ್ಲೆ ಒಂದಾಗಿ ಸರಿದರೆ ಮಗುಚಲು ಸಮಯ ಬಂತು. ಅಂಚು ಸರಿದು ನಡು ಸರಿಯದಿದ್ದರೆ ಇನ್ನೊಂದು ನಿಮಿಷ.

*ಮಗುಚುವುದು.* ಬಾಣಲೆಯನ್ನು ಒಲೆಯಿಂದ ಇಳಿಸಿ ಸಿಂಕಿನ ಬಳಿಗೆ ಒಯ್ಯಿರಿ. ಅಂಚಿನಲ್ಲಿ ಬಿಸಿ ಎಣ್ಣೆ ನಿಂತಿದ್ದರೆ ಮೊದಲು ಅದನ್ನು ಬಟ್ಟಲಿಗೆ ಬಸಿಯಿರಿ. ಮಣಿಕಟ್ಟು ಸುಟ್ಟುಕೊಳ್ಳುವುದು ಆ ಎಣ್ಣೆಯಿಂದಲೇ. ತಟ್ಟೆಯನ್ನು ಬೋರಲು ಮುಚ್ಚಿ, ಮೇಲೆ ಬಟ್ಟೆ ಇಟ್ಟು ಅಂಗೈಯನ್ನು ಪೂರ್ತಿ ಚಾಚಿ ಒತ್ತಿ. ಇನ್ನೊಂದು ಕೈಯಲ್ಲಿ ಹಿಡಿ ಗಟ್ಟಿಯಾಗಿ ಹಿಡಿದು ಒಂದೇ ಸಲಕ್ಕೆ ತಿರುಗಿಸಿ. ಅರ್ಧ ತಿರುಗಿಸಿ ಅನುಮಾನಿಸಿದರೆ ಚೆಲ್ಲುತ್ತದೆ. ಧೈರ್ಯ ಸಾಲದೆ ಇದ್ದರೆ ಖಾಲಿ ತಣ್ಣನೆ ಬಾಣಲೆಯಲ್ಲಿ ಒಂದು ಚಪಾತಿ ಇಟ್ಟು ನಾಲ್ಕು ಸಲ ಅಭ್ಯಾಸ ಮಾಡಿ. ನನ್ನಿಂದ ಮನೆಯೊಡತಿ ಮಾಡಿಸಿದ್ದೂ ಇಂಥದ್ದೇ ಅಭ್ಯಾಸ. ನಂತರ ತಟ್ಟೆಯಿಂದ ಬಾಣಲೆಗೆ ಜಾರಿಸಿ, ಅಂಚನ್ನು ಮಗುಚುವ ಕೈಯಿಂದ ಒಳಕ್ಕೆ ಮಡಚಿ ದುಂಡಗೆ ಮಾಡಿ. ಇನ್ನು 2-3 ನಿಮಿಷ.

ಮುರಿದೇ ಹೋಯಿತೇ? ತುಂಡುಗಳನ್ನೆಲ್ಲ ಬಾಣಲೆಗೇ ಜೋಡಿಸಿ, ಬಿರುಕುಗಳ ಮೇಲೆ ಇನ್ನೊಂದು ಮೊಟ್ಟೆಯನ್ನು ಒಡೆದು ಕಲಸಿ ಸುರಿದು, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ. ಹೊಲಿಗೆ ಹಾಕಿದಂತೆ ಕೂಡಿಕೊಳ್ಳುತ್ತದೆ.

ಸ್ಪೇನಿನ ಗಲೀಸಿಯಾ ಪ್ರಾಂತ್ಯದ ಬೆತಾನ್ಸೋಸ್ ಊರಿನ ತೊರ್ತಿಯಾ ಒಳಗೆ ದ್ರವವಾಗಿಯೇ ಇರುತ್ತದೆ, ಅದರಲ್ಲಿ ಈರುಳ್ಳಿಯೂ ಇಲ್ಲ. ಅದು ರುಚಿಯೇ. ಆದರೆ ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಸೋಂಕಿನ ಅಪಾಯ ಇದ್ದೇ ಇದೆ. ಮರುದಿನ ಕಾಲೇಜಿಗೆ ಡಬ್ಬಿಯಲ್ಲಿ ಒಯ್ಯುವವರು ನಡು ಪೂರ್ತಿ ಗಟ್ಟಿಯಾಗುವವರೆಗೆ ಬೇಯಿಸಿ, ಆರಿದ ಕೂಡಲೇ ಫ್ರಿಜ್ಜಿಗೆ ಇಡಿ. ಕತ್ತರಿಸುವ ಮೊದಲು 10 ನಿಮಿಷ ತಡೆಯಿರಿ, ಬಿಸಿಯಲ್ಲೇ ಕತ್ತರಿಸಿದರೆ ಅಂಚು ಕುಸಿಯುತ್ತದೆ.

ಮೊಟ್ಟೆ ತಿನ್ನದವರಿಗೂ ದಾರಿಯಿದೆ. ಸ್ಪೇನಿನಲ್ಲೂ ಹೀಗೆ ಮಾಡುವವರಿದ್ದಾರೆ. 100 ಗ್ರಾಂ ಕಡಲೆಹಿಟ್ಟನ್ನು ಸುಮಾರು 170 ಮಿ.ಲೀ. ನೀರಿನಲ್ಲಿ ಗಂಟಿಲ್ಲದೆ ಕಲಸಿ, 15 ನಿಮಿಷ ನೆನೆಸಿ, 400 ಗ್ರಾಂ ಬೆಂದ ಆಲೂಗಡ್ಡೆಗೆ ಬೆರೆಸಿ. ಉರಿ ಇನ್ನೂ ಸಣ್ಣ ಇರಲಿ, ಮುಚ್ಚಳ ಮುಚ್ಚಿ, ಒಂದೊಂದು ಕಡೆ 6-7 ನಿಮಿಷ ಕೊಡಿ. ಕಡಲೆಹಿಟ್ಟಿನ ಹಸಿವಾಸನೆ ಹೋಗುವವರೆಗೆ ತೆಗೆಯಬೇಡಿ.

ಹಂತ 5: ಸಾಲ್ಸಾ ರೋಹಾ

ಮೆಕ್ಸಿಕೋ ಕಡೆಯ ಉಳಿದ ಅಡುಗೆಗೆಲ್ಲ ಇದು ಬೇಕು, ಅದಕ್ಕೇ ಇದನ್ನು ರೊಟ್ಟಿಗಿಂತ ಮೊದಲು ಮಾಡಿಡಿ. ಉದ್ದ ಟೊಮೆಟೊ 4 (ಸುಮಾರು 400 ಗ್ರಾಂ), ಹಲಪೇನ್ಯೊ ಅಥವಾ ಸೆರಾನೊ ಮೆಣಸಿನಕಾಯಿ 2, ಈರುಳ್ಳಿ ಕಾಲು ಭಾಗ, ಸಿಪ್ಪೆ ಸಮೇತ ಬೆಳ್ಳುಳ್ಳಿ 2 ಎಸಳು.

1. ಕಾವಲಿಯನ್ನು ಎಣ್ಣೆ ಹಾಕದೆ ಕಾಯಿಸಿ ಎಲ್ಲವನ್ನೂ ಹರಡಿ. ಬೆಳ್ಳುಳ್ಳಿ 5 ನಿಮಿಷಕ್ಕೆ ತೆಗೆಯಿರಿ, ಸೀದರೆ ಇಡೀ ಸಾಲ್ಸಾ ಕಹಿ. ಟೊಮೆಟೊ ಸಿಪ್ಪೆ ಕಪ್ಪಾಗಿ ಸುಲಿಯಲು ಶುರುವಾಗಿ, ಒತ್ತಿದರೆ ಮೆತ್ತಗಾಗುವವರೆಗೆ 12-15 ನಿಮಿಷ ಬೇಕು. ಬದನೆಕಾಯಿ ಸುಟ್ಟು ಗೊಜ್ಜು ಮಾಡಿದವರಿಗೆ ಈ ಹದ ಕೈಗೆ ಗೊತ್ತು. ಅಡುಗೆಮನೆಯ ಕಿಟಕಿ ತೆರೆದಿರಲಿ, ಮೆಣಸಿನಕಾಯಿ ಘಾಟು ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ.

2. ಆರಲು ಬಿಡಿ. ಕುದಿಬಿಸಿ ಟೊಮೆಟೊವನ್ನು ಮಿಕ್ಸಿಗೆ ಹಾಕಿ ಮುಚ್ಚಳ ಬಿಗಿದರೆ ಆವಿ ಮುಚ್ಚಳವನ್ನೇ ಎಗರಿಸುತ್ತದೆ. ಆರಿದ ಮೇಲೆ ಬೆಳ್ಳುಳ್ಳಿ ಸಿಪ್ಪೆ ಸುಲಿದು, ಉಪ್ಪು ಸೇರಿಸಿ, ಬಿಟ್ಟು ಬಿಟ್ಟು ನಾಲ್ಕೈದು ಸಲ ತಿರುಗಿಸಿ. ತರಿತರಿಯಾಗಿರಬೇಕು. ಅಲ್ಲಿನವರು ಇದನ್ನು ಮೊಲ್ಕಾಹೆತೆ ಎಂಬ ಮೂರು ಕಾಲಿನ ಕಲ್ಲಿನ ಒರಳಿನಲ್ಲಿ ಅರೆಯುತ್ತಾರೆ, ಆ ತರಿ ಬರುವುದು ಅಲ್ಲಿಂದ. ನುಣ್ಣಗೆ ರುಬ್ಬಿದರೆ ಗಾಳಿ ಸೇರಿ ಬಣ್ಣ ಪೇಲವ ಗುಲಾಬಿಯಾಗುತ್ತದೆ.

3. ಒಂದು ದೊಡ್ಡ ಚಮಚ ಎಣ್ಣೆ ಕಾಯಿಸಿ ಸಾಲ್ಸಾ ಸುರಿದು 6-8 ನಿಮಿಷ ಬಾಡಿಸಿ. ಗುಲಾಬಿ ಬಣ್ಣ ಹೋಗಿ ಇಟ್ಟಿಗೆಗೆಂಪು ಬರಬೇಕು, ಸೌಟು ಎಳೆದರೆ ತಳದಲ್ಲಿ ದಾರಿ ಕಾಣಿಸಿ ನಿಧಾನಕ್ಕೆ ಮುಚ್ಚಿಕೊಳ್ಳಬೇಕು. ಈ ಮೂರನೇ ಕೆಲಸ ಬಿಟ್ಟರೆ ಹಸಿವಾಸನೆ ಉಳಿಯುತ್ತದೆ, ನೀರು ಬೇರೆಯಾಗಿ ನಿಲ್ಲುತ್ತದೆ.

ಬಣ್ಣ ಗಾಢವಾಗಬೇಕಿದ್ದರೆ ಗ್ವಾಹಿಯೊ ಒಣಮೆಣಸಿನಕಾಯಿ 2 ಸೇರಿಸಿ; ಬೀಜ ತೆಗೆದು, ಕಾವಲಿ ಮೇಲೆ ಒಂದೊಂದು ಕಡೆ 10 ಸೆಕೆಂಡು ಮಾತ್ರ ಬಿಸಿ ಮಾಡಿ, ಬಿಸಿನೀರಿನಲ್ಲಿ 15 ನಿಮಿಷ ನೆನೆಸಿ ರುಬ್ಬಬೇಕು. ಊರಿನಲ್ಲಿ ಮಾಡುವವರಿಗೆ ಬ್ಯಾಡಗಿ ಸರಿಹೊಂದುತ್ತದೆ: ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರು ಮೆಣಸಿನಕಾಯಿಯನ್ನು ಅದೇ ಲೆಕ್ಕಕ್ಕೆ ಹಾಕಬೇಡಿ. ಅರಿಶಿನ, ಗರಂ ಮಸಾಲೆ, ಸಾಸಿವೆ ಒಗ್ಗರಣೆ ಯಾವುದೂ ಬೇಡ. ಸುಟ್ಟ ಟೊಮೆಟೊದ ಘಮವೇ ಇದರ ಜೀವ, ಅದನ್ನು ಮುಚ್ಚಬೇಡಿ.

ಹಂತ 6: ಮೆಕ್ಕೆಜೋಳದ ತೊರ್ತಿಯಾ

ಮಾಸಾ ಅರೀನಾ 2 ಲೋಟ, ಅದೇ ಲೋಟದಲ್ಲಿ ಉಗುರುಬೆಚ್ಚಗಿನ ನೀರು ಒಂದೂವರೆ, ಉಪ್ಪು ಅರ್ಧ ಚಮಚ. ಜೋಳದ ರೊಟ್ಟಿಗೆ ಹಾಕುವಂತೆ ಕುದಿಯುವ ನೀರು ಬೇಡ. ಆ ಕೆಲಸವನ್ನು ಇಲ್ಲಿ ಸುಣ್ಣ ಮೊದಲೇ ಮಾಡಿ ಮುಗಿಸಿದೆ.

5 ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಡಿ. ಹಿಟ್ಟು ಈ ಸಮಯದಲ್ಲಿ ನೀರು ಹೀರಿ ಮತ್ತೆ ಗಟ್ಟಿಯಾಗುತ್ತದೆ, ಹಾಗಾಗಿ ಹದ ನೋಡುವುದು ಆಮೇಲೆ. ನಿಂಬೆ ಗಾತ್ರದ ಉಂಡೆ ಮಾಡಿ ಬೆರಳಿನಿಂದ ಒತ್ತಿ. ಅಂಚು ಬಿರಿದರೆ ನೀರು ಸಾಲದು, ಒಂದು ಚಮಚ ಚಿಮುಕಿಸಿ ನಾದಿ. ಬೆರಳಿಗೆ ಅಂಟಿದರೆ ನೀರು ಹೆಚ್ಚಾಯಿತು, ಚಿಟಿಕೆ ಚಿಟಿಕೆಯಾಗಿ ಹಿಟ್ಟು ಸೇರಿಸಿ. ಒತ್ತಿದಾಗ ಅಂಚು ನಯವಾಗಿ, ಬೆರಳು ಶುಭ್ರವಾಗಿ ಬರಬೇಕು.

ಲಟ್ಟಣಿಗೆ ಬೇಡ. ದಪ್ಪ ಪ್ಲಾಸ್ಟಿಕ್ ಚೀಲವನ್ನು ಎರಡು ಹಾಳೆಯಾಗಿ ಕತ್ತರಿಸಿ, ನಡುವೆ ಉಂಡೆ ಇಟ್ಟು, ತಳ ಸಪಾಟಾದ ಭಾರದ ಬಾಣಲೆಯಿಂದ ಒತ್ತಿ. ಮೇಲಿನ ಹಾಳೆ ಬಿಡಿಸಿ, ಅಂಗೈ ಮೇಲೆ ಬೋರಲು ಹಾಕಿ, ಕೆಳಗಿನ ಹಾಳೆಯನ್ನು ರೊಟ್ಟಿಯಿಂದ ಸುಲಿಯಿರಿ. ರೊಟ್ಟಿಯನ್ನು ಹಾಳೆಯಿಂದ ಎಳೆಯಲು ಹೋದರೆ ಹರಿಯುತ್ತದೆ. ಒಬ್ಬಟ್ಟು ತಟ್ಟಿ ಕಾವಲಿಗೆ ಹಾಕಿದ ಕೈಗೆ ಇದು ಬೇಗ ಒಗ್ಗುತ್ತದೆ.

ಕಾವಲಿ ಚೆನ್ನಾಗಿ ಕಾದಿರಲಿ, ಎಣ್ಣೆ ಬೇಡ. ಮೊದಲ ಕಡೆ 20 ಸೆಕೆಂಡು, ಅಂಚು ತಾನಾಗಿ ಬಿಡುವಷ್ಟು ಮಾತ್ರ. ಮಗುಚಿ ಒಂದು ನಿಮಿಷ, ಕೆಳಗೆ ಕಂದು ಚುಕ್ಕೆ ಬರಲಿ. ಮತ್ತೆ ಮಗುಚಿ ಬಟ್ಟೆಯಿಂದ ಮೆಲ್ಲಗೆ ಒತ್ತಿ, ಉಬ್ಬುತ್ತದೆ. ಮೊದಲ ಕಡೆಯನ್ನೇ ಹೆಚ್ಚು ಹೊತ್ತು ಬಿಟ್ಟರೆ ಮೇಲ್ಮೈ ಒಣಗಿ ಉಬ್ಬುವುದೇ ಇಲ್ಲ.

ಈಗ ಬಹುತೇಕರು ಮರೆಯುವ ಮಾತು. ಬೆಂದದ್ದನ್ನು ಕೂಡಲೇ ಬಟ್ಟೆಯಲ್ಲಿ ಸುತ್ತಿ, ಒಂದರ ಮೇಲೊಂದು ಪೇರಿಸಿ, ಮುಚ್ಚಿದ ಡಬ್ಬದಲ್ಲಿ 10 ನಿಮಿಷ ಇಡಿ. ತಮ್ಮ ಆವಿಯಲ್ಲೇ ಅವು ಮೆತ್ತಗಾಗುತ್ತವೆ. ಕಾವಲಿಯಿಂದ ಇಳಿದ ರೊಟ್ಟಿಯನ್ನು ತೆರೆದ ತಟ್ಟೆಯಲ್ಲಿ ಬಿಟ್ಟು, ಮಡಚಿದಾಗ ಮುರಿಯಿತು ಎಂದು ಹಿಟ್ಟನ್ನು ದೂರಿದರೆ ಏನು ಪ್ರಯೋಜನ?

ಹಂತ 7: ಕೆಸಾದಿಯಾ

ಚೀಸ್ ತುಂಬಿ ಮಡಚಿದ ತೊರ್ತಿಯಾ ಇದು. ಮೆಕ್ಸಿಕೋದಲ್ಲಿ ಇದಕ್ಕೆ ಒಆಹಾಕಾದ ಎಳೆ ಎಳೆಯಾದ ಚೀಸ್ ಹಾಕುತ್ತಾರೆ. ಸಿಗದಿದ್ದರೆ ಪಿಜ್ಜಾಕ್ಕೆ ಬಳಸುವ ಒಣ ಮೊಜರೆಲ್ಲಾ ತನ್ನಿ. ನೀರಿನಲ್ಲಿ ತೇಲುವ ತಾಜಾ ಮೊಜರೆಲ್ಲಾ ಬೇಡ, ಕರಗಿದಾಗ ನೀರು ಬಿಟ್ಟು ರೊಟ್ಟಿಯನ್ನು ಒದ್ದೆ ಮಾಡುತ್ತದೆ. ಪನೀರ್ ಕರಗುವುದೇ ಇಲ್ಲ, ಅದರಿಂದ ಅಂಚು ಕೂಡಿಕೊಳ್ಳದು.

ಕಾವಲಿ ಮೇಲೆ ರೊಟ್ಟಿ ಬಿಸಿ ಮಾಡಿ, ಅರ್ಧ ಭಾಗಕ್ಕೆ ತುರಿದ ಚೀಸ್ ಹರಡಿ, ಮಡಚಿ, ಮಧ್ಯಮಕ್ಕಿಂತ ಸಣ್ಣ ಉರಿಯಲ್ಲಿ ಒಂದೊಂದು ಕಡೆ 2 ನಿಮಿಷ. ಉರಿ ಜೋರಾದರೆ ಹೊರಗೆ ಸೀಯುತ್ತದೆ, ಒಳಗೆ ಚೀಸ್ ಹಾಗೇ ಇರುತ್ತದೆ. ಸಾಲ್ಸಾ ಒಳಗೆ ತುಂಬಬೇಡಿ, ಪಕ್ಕಕ್ಕಿಟ್ಟು ಅದ್ದಿಕೊಳ್ಳಿ. ಅಣಬೆ ಹಾಕುವುದಾದರೆ ಅದರ ನೀರೆಲ್ಲ ಆರುವವರೆಗೆ ಬೇರೆಯಾಗಿ ಹುರಿದ ಮೇಲೆ. ಅಲ್ಲಿ ಕುಂಬಳ ಹೂವಿನ ಕೆಸಾದಿಯಾ ಬಹಳ ಪ್ರೀತಿಯದು. ಹೂ ಸಿಕ್ಕರೆ ಈರುಳ್ಳಿ ಜೊತೆ ಎರಡು ನಿಮಿಷ ಬಾಡಿಸಿ ತುಂಬಿ. ಸಮಯವಿಲ್ಲದ ದಿನ ಮೈದಾ ಚಪಾತಿಯಲ್ಲಿ ಮಾಡಿದರೂ ನಡೆಯುತ್ತದೆ, ಉತ್ತರ ಮೆಕ್ಸಿಕೋದಲ್ಲಿ ಗೋಧಿ ತೊರ್ತಿಯಾದಲ್ಲೇ ಮಾಡುತ್ತಾರೆ.

ಹಂತ 8: ಫ್ರಿಹೋಲೆಸ್ (ಬೀನ್ಸ್)

ಕಪ್ಪು ಬೀನ್ಸ್ 250 ಗ್ರಾಂ ರಾತ್ರಿ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಈರುಳ್ಳಿ ಬೆಳ್ಳುಳ್ಳಿ ಜೊತೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಬೆಂದ ನೀರನ್ನು ಚೆಲ್ಲಬೇಡಿ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಈರುಳ್ಳಿ ಹುರಿದು, ಬೀನ್ಸ್ ಮತ್ತು ಒಂದು ಸೌಟು ಅದೇ ನೀರು ಹಾಕಿ ಮಸೆಯುತ್ತಾ ಕೆದಕಿ. ಮುದ್ದೆ ತಳ ಬಿಟ್ಟು ಬರತೊಡಗಿದಾಗ ಇಳಿಸಿ, ಆರಿದಂತೆ ಇನ್ನೂ ಗಟ್ಟಿಯಾಗುತ್ತದೆ.

ಕಪ್ಪು ಬೀನ್ಸ್ ಬದಲು ರಾಜ್ಮಾ ಬಳಸುವವರಿಗೆ ಒಂದು ಎಚ್ಚರಿಕೆ. ಅರೆಬೆಂದ ಕೆಂಪು ರಾಜ್ಮಾದಲ್ಲಿರುವ ವಿಷಾಂಶದಿಂದ ಜೋರು ವಾಂತಿ ಭೇದಿ ಆಗುತ್ತದೆ. ಕನಿಷ್ಠ 10 ನಿಮಿಷ ಭರ್ತಿ ಕುದಿಯಲೇಬೇಕು. ಬಾಡಿಗೆ ಮನೆಯಲ್ಲಿ ಸ್ಲೋ ಕುಕ್ಕರ್ ಇದ್ದರೆ ಹಸಿ ರಾಜ್ಮಾವನ್ನು ನೇರವಾಗಿ ಅದಕ್ಕೆ ಹಾಕಬೇಡಿ, ಅದರ ಕಾವು ಸಾಲುವುದಿಲ್ಲ.

ಹಂತ 9: ಉಳಿದ ರೊಟ್ಟಿಯಿಂದ ಚಿಲಾಕಿಲೆಸ್

ನಿನ್ನೆಯ 8 ತೊರ್ತಿಯಾ, ಮೇಲೆ ಮಾಡಿದ ಸಾಲ್ಸಾ ಪೂರ್ತಿ, 2 ಮೊಟ್ಟೆ, ಈರುಳ್ಳಿ ಬಿಲ್ಲೆ, ಕೊತ್ತಂಬರಿ, ಪುಡಿ ಮಾಡಿದ ಚೀಸ್, ಗಟ್ಟಿ ಕೆನೆ. ಇಲ್ಲಿ ಪನೀರ್ ಬಳಸಬಹುದು, ಕರಗುವ ಅಗತ್ಯವಿಲ್ಲ.

ತೊರ್ತಿಯಾವನ್ನು ಆರಾರು ತ್ರಿಕೋನಗಳಾಗಿ ಕತ್ತರಿಸಿ ಬಟ್ಟೆ ಮೇಲೆ ಕೆಲವು ಗಂಟೆ ಒಣಗಿಸಿ. ತಾಜಾ ರೊಟ್ಟಿಯಲ್ಲಿ ತೇವ ಇರುವುದರಿಂದ ಎಣ್ಣೆ ಕುಡಿಯುತ್ತದೆ, ಗರಿಯಾಗುವುದಿಲ್ಲ. ಬೆರಳು ಆಳದ ಎಣ್ಣೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕರಿಯಿರಿ. ಗುಳ್ಳೆ ನಿಂತು ಸದ್ದು ಇಳಿದಾಗ ತೆಗೆಯಿರಿ, ಹಪ್ಪಳದಂತೆ ಇವೂ ಹೊರಗೆ ಬಂದ ಮೇಲೆ ಇನ್ನಷ್ಟು ಗರಿಯಾಗುತ್ತವೆ. ಎಣ್ಣೆ ಬೇಡವೆಂದರೆ 180 ಡಿಗ್ರಿ ಒವನ್‌ನಲ್ಲಿ 12-15 ನಿಮಿಷ.

ಇನ್ನು ಕ್ರಮ ನೋಡಿ, ಗಂಜಿಯಾಗುವುದು ಇಲ್ಲಿ. ಮೊದಲು ಮೊಟ್ಟೆ ಹುರಿದು ತಟ್ಟೆಗೆ ತೆಗೆದಿಡಿ. ಈರುಳ್ಳಿ, ಕೊತ್ತಂಬರಿ, ಚೀಸ್, ಕೆನೆ ಕೈಗೆ ಸಿಗುವಂತೆ ಜೋಡಿಸಿ. ತಿನ್ನುವವರನ್ನು ಮೇಜಿಗೆ ಕರೆಯಿರಿ. ಆಮೇಲಷ್ಟೇ ಸಾಲ್ಸಾಗೆ ಅರ್ಧ ಲೋಟ ನೀರು ಬೆರೆಸಿ ಕುದಿಸಿ. ಕುದಿ ಬಂದಾಗ ಒಲೆ ಆರಿಸಿ, ಗರಿ ತುಂಡುಗಳನ್ನು ಸುರಿದು 30 ಸೆಕೆಂಡಿನೊಳಗೆ ಎರಡು ಸೌಟಿನಿಂದ ಹೊರಳಾಡಿಸಿ. ಹೊರಗೆ ಸಾಲ್ಸಾ ಹಿಡಿದಿರಬೇಕು, ಕಚ್ಚಿದರೆ ಒಳಗೆ ಇನ್ನೂ ಗರಿ ಇರಬೇಕು. ಕೆನೆಯನ್ನು ಬಾಣಲೆಗೆ ಹಾಕಬೇಡಿ, ಬಡಿಸಿದ ಮೇಲೆ ಮೇಲಿಂದ. ಕೆನೆಯ ಬದಲು ಮೊಸರು ಬಳಸುವವರಿಗಂತೂ ಇದು ಕಡ್ಡಾಯ, ಬಿಸಿ ತಗುಲಿದರೆ ಒಡೆಯುತ್ತದೆ.

ನನ್ನ ಗೆಳತಿ ಸಾಲ್ಸಾ ಕುದಿಯತೊಡಗಿದ ಕೂಡಲೇ ಎಲ್ಲರ ಕೋಣೆ ಬಾಗಿಲು ತಟ್ಟಿ ಬರುತ್ತಿದ್ದಳು. ಎಲ್ಲರೂ ಕೂತಿದ್ದು ನೋಡಿದ ಮೇಲೆಯೇ ತುಂಡುಗಳನ್ನು ಬಾಣಲೆಗೆ ಸುರಿಯುತ್ತಿದ್ದದ್ದು. ತಡವಾಗಿ ಎದ್ದು ಬಂದವರಿಗೆ ಒಣ ತುಂಡುಗಳನ್ನು ಬೇರೆ ಬಟ್ಟಲಿನಲ್ಲಿ, ಸಾಲ್ಸಾವನ್ನು ಪುಟ್ಟ ಪಾತ್ರೆಯಲ್ಲಿ ತೆಗೆದಿಡುತ್ತಿದ್ದಳು. ನೀವೂ ಹಾಗೇ ಮಾಡಿ. ಬೆರೆಸಿ ಮುಚ್ಚಿಟ್ಟ ಚಿಲಾಕಿಲೆಸ್ 10 ನಿಮಿಷಕ್ಕೆ ಮುದ್ದೆ.